ಹಳ್ಳೂರಿನ ರಾಗಿ: ಸಸ್ಯಾವಶೇಷಗಳ ಒಂದು ಪಾಠವಿಮರ್ಶೆ

ಕನ್ನಡನಾಡಿನ ಪ್ರಾಗಿತಿಹಾಸವನ್ನು ಕುರಿತ ಬರವಣಿಗೆಯಲ್ಲಿ ಒಂದು ವಾಕ್ಯವು ಬಹುಕಾಲದಿಂದ ಕೈಯಿಂದ ಕೈಗೆ ಸಾಗಿಬಂದಿರುವುದು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಕ್ರಿ.ಪೂ. ೧೮೦೦ರ ಸುಮಾರಿಗೇ ಜನರು ರಾಗಿಯನ್ನು ಬೆಳೆದು ಉಣ್ಣುತ್ತಿದ್ದರೆಂಬುದೇ ಆ ವಾಕ್ಯ. ಒಬ್ಬರು ಬರೆದುದನ್ನು ಇನ್ನೊಬ್ಬರು ಎತ್ತಿಕೊಂಡರು. ಎತ್ತಿಕೊಂಡವರಿಂದ ಮತ್ತೊಬ್ಬರು ಪಡೆದರು. ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನು ಕಿರುಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಧಾನ್ಯಗಳ ಹಳಮೆಯನ್ನು ಹೊಗಳುವವರಿಗೆ ಅದು ಮತ್ತೊಮ್ಮೆ ಕೈಗೆ ಒದಗಿದ ಆಧಾರವಾಯಿತು. ಇಷ್ಟು ಸಲ ಉಚ್ಚರಿತವಾದ ಮಾತಿಗೆ ಮೂಲದಲ್ಲಿರುವ ಆಧಾರವೆಷ್ಟು? ಬೆರಳ ತುದಿಯಲ್ಲಿ ನಿಲ್ಲಬಲ್ಲ, ಸುಟ್ಟು ಕರಿದಾದ ಕೆಲವು ಕಾಳುಗಳು. ಆ ಕಾಳುಗಳ ಮೇಲೆ ಅವುಗಳ ಹೆಸರು ಬರೆದಿರಲಿಲ್ಲ. ಹೆಸರಿಟ್ಟವರು ಒಬ್ಬ ವಿದ್ವಾಂಸರು. ಹೆಸರು ಎಂಬುದು ಉತ್ಖನನದಲ್ಲಿ ದೊರೆತ ವಸ್ತುವಲ್ಲ, ದೊರೆತ ವಸ್ತುವಿನ ಮೇಲಣ ತೀರ್ಪು. ತೀರ್ಪನ್ನು ವಸ್ತುವೆಂದೇ ಭಾವಿಸಿ ನಡೆದುದರಲ್ಲಿ ಈ ಪ್ರಕರಣದ ತೊಡಕೆಲ್ಲ ಅಡಗಿದೆ.

ಕನ್ನಡ ವಿದ್ವತ್ತಿಗೆ ಈ ಬಗೆಯ ತೊಡಕು ಹೊಸತಲ್ಲ. ಓಲೆಗರಿಯಲ್ಲಿ ಪಕಾರ ವಕಾರಗಳು ಒಂದನ್ನೊಂದು ಹೋಲುತ್ತವೆ. ಹುಳು ತಿಂದ ಎಡೆಯಲ್ಲಿ ಲಿಪಿಕಾರನು ತನಗೆ ತೋರಿದುದನ್ನು ತುಂಬುತ್ತಾನೆ. ಮುಂದಿನ ಪ್ರತಿಗಳೆಲ್ಲ ಆ ತುಂಬಿದ ಪಾಠವನ್ನೇ ಸಿದ್ಧಪಾಠವೆಂದು ಕೊಂಡೊಯ್ಯುತ್ತವೆ. ಹತ್ತು ಪ್ರತಿಗಳು ಒಂದೇ ಪಾಠವನ್ನು ಕೊಡುತ್ತಿವೆಯೆಂದ ಮಾತ್ರಕ್ಕೆ ಸಂಪಾದಕನು ಅದನ್ನು ಒಪ್ಪುವುದಿಲ್ಲ. ಆ ಹತ್ತೂ ಒಂದೇ ಮೂಲದಿಂದ ಇಳಿದುವಾಗಿದ್ದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಪಂಪನ ಒಂದು ಪದಕ್ಕೆ ತೋರಿಸುವ ಈ ಎಚ್ಚರವನ್ನು ಮಣ್ಣಿನೊಳಗಣ ಒಂದು ಕಾಳಿಗೂ ತೋರಿಸಬೇಡವೆ?

ಮೊದಲು ಸಸ್ಯಾವಶೇಷವೆಂದರೇನು, ಅದು ಉಳಿಯುವುದು ಹೇಗೆ ಎಂಬುದನ್ನು ಗಮನಿಸಬೇಕು. ಸ್ವಿಟ್ಜರ್ಲೆಂಡಿನ ಸರೋವರಗಳ ಅಂಚಿನ ಕೆಸರಿನಲ್ಲಿ ನವಶಿಲಾಯುಗದ ಜನರ ಸೇಬು, ಗೋದಿ, ಅಗಸೆಗಳು ಗಾಳಿ ಸೋಕದೆ ಉಳಿದಿದ್ದುವು. ಅವುಗಳನ್ನು ಓಸ್ವಾಲ್ಡ್ ಹೀರ್ ಎಂಬ ವಿದ್ವಾಂಸನು ೧೮೬೦ರ ದಶಕದಲ್ಲಿ ಪರೀಕ್ಷಿಸಿ ಬರೆದುದು ಈ ಶಾಸ್ತ್ರದ ಮೊದಲ ಮೈಲಿಗಲ್ಲು. ಈಜಿಪ್ಟಿನ ಗೋರಿಗಳಲ್ಲಿ ಒಣಹವೆಯೇ ಕಾಪಾಡಿತು. ದಖ್ಖನದಲ್ಲಿ ಅಂತಹ ಕೆಸರೂ ಇಲ್ಲ, ಅಷ್ಟು ಒಣಗಿದ ಮರಳೂ ಇಲ್ಲ. ಪ್ರತಿ ವರ್ಷದ ಮಳೆಯೂ ಬಿಸಿಲೂ ಸೇರಿ ಹಸಿಯಾದುದನ್ನೆಲ್ಲ ಕೊಳೆಸಿಬಿಡುವುವು. ಇಲ್ಲಿ ಕಾಳನ್ನು ಉಳಿಸಿದುದು ಬೆಂಕಿಯೊಂದೇ. ಒಲೆಯ ಅಂಚಿಗೆ ಚೆಲ್ಲಿದ ಕಾಳು, ಗಾಳಿ ಸಾಲದ ಕೆಂಡದಡಿಯಲ್ಲಿ ಉರಿಯದೆ ಕರಿಕಾದರೆ, ಅದನ್ನು ತಿನ್ನಲು ಯಾವ ಹುಳುವೂ ಬಾರದು. ಅದು ಸಹಸ್ರಾರು ವರ್ಷ ಹಾಗೆಯೇ ಇರಬಲ್ಲುದು.

ಆದುದರಿಂದ ಉಳಿದುದು ಉಂಡುದರ ಪಟ್ಟಿಯಲ್ಲ, ಎಡವಟ್ಟಿನ ಪಟ್ಟಿ. ಬೇಯಿಸುವಾಗ, ಹುರಿಯುವಾಗ, ಹೊಟ್ಟನ್ನು ಒಲೆಗೆ ಸುರಿಯುವಾಗ ಬೆಂಕಿಗೆ ಸಿಕ್ಕಿದುದು ಮಾತ್ರ ಅದರಲ್ಲಿ ಸೇರುತ್ತದೆ. ಸೊಪ್ಪು, ಗೆಣಸು, ಜೇನು, ಹಸಿಯಾಗಿ ತಿಂದ ಹಣ್ಣು, ಇವೆಲ್ಲ ಬಹುಮಟ್ಟಿಗೆ ಹೊರಗುಳಿಯುತ್ತವೆ. ಕನಕದಾಸರ 'ರಾಮಧಾನ್ಯ ಚರಿತೆ'ಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಬಿದ್ದಾಗ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು, ಕೆಡದೆ ಉಳಿದ ರಾಗಿಗೆ ಗೆಲವನ್ನು ಕೊಟ್ಟ ಕಥೆಯನ್ನು ಎಲ್ಲರೂ ಬಲ್ಲರು. ಕಾವ್ಯದಲ್ಲಿ ಆ ನ್ಯಾಯವು ಶೋಭಿಸುವುದು, ಏಕೆಂದರೆ ಅಲ್ಲಿ ಕೇಳಿದ ಪ್ರಶ್ನೆಯೇ ಬಾಳಿಕೆಯದು. ಪ್ರಾಕ್ತನಶಾಸ್ತ್ರಜ್ಞನು ಅದೇ ನ್ಯಾಯವನ್ನು ಹಿಡಿದರೆ ತಪ್ಪುತ್ತಾನೆ. ಸೆರೆಯಿಂದ ಉಳಿದು ಬಂದ ಧಾನ್ಯವೇ ಆ ಕಾಲದ ಅರಸುಧಾನ್ಯವಾಗಿದ್ದಿತೆಂದು ಹೇಳಲು ಬರುವುದಿಲ್ಲ.

ಉಳಿದುದಾದರೂ ಸಂಶೋಧಕನ ಕೈಗೆ ಬರುವುದು ಅವನ ಜರಡಿಯ ಕಣ್ಣಿನ ಅಳತೆಯನ್ನು ಅವಲಂಬಿಸಿದೆ. ಇರಾನಿನ ನೈಋತ್ಯದಲ್ಲಿ ಅಲಿ ಕೋಷ್ ಎಂಬ ದಿಬ್ಬವನ್ನು ಫ್ರಾಂಕ್ ಹೋಲ್ ಮತ್ತು ಕೆಂಟ್ ಫ್ಲಾನರಿ ೧೯೬೧ರಲ್ಲಿ ಅಗೆದಾಗ, ಅಲ್ಲಿ ಸಸ್ಯಾವಶೇಷಗಳು ವಿರಳವೆಂದು ತಮ್ಮ ಮೊದಲ ವರದಿಯಲ್ಲಿ ಖಚಿತವಾಗಿ ಬರೆದರು. ೧೯೬೩ರಲ್ಲಿ ಅದೇ ದಿಬ್ಬದ ಮಣ್ಣನ್ನು ನೀರಿಗೆ ಸುರಿದು, ತೇಲಿಬಂದ ಕರಿಕನ್ನು ಸೋಸಿದಾಗ ದೊರೆತ ಬೀಜಗಳು ೪೦,೦೦೦ಕ್ಕೂ ಮಿಕ್ಕಿದ್ದುವು. ದಿಬ್ಬವು ಬದಲಾಗಿರಲಿಲ್ಲ. ಮೊದಲಿನ ಹೇಳಿಕೆ ಎಷ್ಟು ತಪ್ಪೆಂಬುದನ್ನು ಆ ವಿದ್ವಾಂಸರು ೧೯೬೯ರ ತಮ್ಮ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಮಣ್ಣನ್ನು ತೇಲಿಸುವ ಈ ವಿಧಾನವನ್ನು ಸ್ಟುವರ್ಟ್ ಸ್ಟ್ರೂವರ್ ೧೯೬೮ರಲ್ಲಿ ವಿವರವಾಗಿ ಪ್ರಕಟಿಸಿದ ಮೇಲೆ ಅದು ದೇಶದೇಶಗಳಿಗೆ ಹರಡಿತು. ಮಣ್ಣು ತಳಕ್ಕೆ ಇಳಿಯುವುದು, ಕರಿಕು ಮೇಲಕ್ಕೆ ಬರುವುದು; ಅಕ್ಕಿ ತೊಳೆಯುವ ಯಾವ ಗೃಹಿಣಿಗೂ ಗೊತ್ತಿದ್ದ ಈ ತತ್ತ್ವವು ವಿದ್ವಾಂಸರಿಗೆ ಹೊಳೆಯಲು ನೂರು ವರ್ಷ ಹಿಡಿದುದು ಸೋಜಿಗವೇ ಸರಿ.

ಹಳ್ಳೂರನ್ನು ಎಂ. ಎಸ್. ನಾಗರಾಜರಾಯರು ಅಗೆದುದು ೧೯೬೫ರಲ್ಲಿ, ಎಂದರೆ ಈ ವಿಧಾನವು ಪ್ರಸಿದ್ಧಿಗೆ ಬರುವುದಕ್ಕೆ ಮುಂಚೆ. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ಆ ಗ್ರಾಮದ ಉತ್ಖನನವು ಕರ್ಣಾಟಕದ ನವಶಿಲಾಯುಗದಿಂದ ಕಬ್ಬಿಣದ ಯುಗಕ್ಕೆ ದಾಟಿದ ಬಗೆಯನ್ನು ತೋರಿಸಿದ ಮಹತ್ತ್ವದ ಕಾರ್ಯ. ನಾಗರಾಜರಾಯರು ಅದೇ ವರ್ಷ ಕೆ. ಸಿ. ಮಲ್ಹೋತ್ರಾರೊಡನೆ ತೆಕ್ಕಲಕೋಟೆಯ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟಿಸಿದ್ದರು. ಕನ್ನಡನಾಡಿನ ಮೊದಲ ಬೇಸಾಯಗಾರರ ಚರಿತ್ರೆಯ ಬಹುಭಾಗವು ನಾಡಿನ ಹೊರಗಣ ಆ ಕಾಲೇಜಿನ ಕೊಠಡಿಗಳಲ್ಲಿ ರೂಪುಗೊಂಡಿತೆಂಬುದನ್ನು ಪುಣೆಯ ಕನ್ನಡಿಗರು ನೆನೆಯಬಹುದು. ಸಂಗನಕಲ್ಲನ್ನು ಮೊದಲು ಅಗೆದ ಬಿ. ಸುಬ್ಬರಾಯರ ಬಳ್ಳಾರಿಯ ಗ್ರಂಥವೂ ೧೯೪೮ರಲ್ಲಿ ಹೊರಟುದು ಅಲ್ಲಿಂದಲೇ. ಹಳ್ಳೂರಿನ ವರದಿಯು ೧೯೭೧ರಲ್ಲಿ, ತುಂಗಭದ್ರಾ ಕಣಿವೆಯ ಸಂಸ್ಕೃತಿಗಳನ್ನು ಕುರಿತ ಗ್ರಂಥವಾಗಿ ಬೆಳಕು ಕಂಡಿತು. ಅದರಲ್ಲಿ ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಷ್ಣು-ಮಿತ್ರೆಯವರು ಸಸ್ಯಾವಶೇಷಗಳ ಭಾಗವನ್ನು ಬರೆದು, ಕಾಳುಗಳಲ್ಲಿ ರಾಗಿಯನ್ನು ಗುರುತಿಸಿದರು.

ವಿಷ್ಣು-ಮಿತ್ರೆಯವರ ಪಾಂಡಿತ್ಯವು ಸಂದೇಹಾತೀತವಾದುದು. ಭಾರತದಲ್ಲಿ ಪ್ರಾಚೀನ ಧಾನ್ಯಗಳ ಅಭ್ಯಾಸಕ್ಕೆ ತಳಹದಿ ಹಾಕಿದವರಲ್ಲಿ ಅವರು ಅಗ್ರಗಣ್ಯರು. ಕೊರತೆಯಿದ್ದುದು ಹೋಲಿಕೆಯ ಸಾಮಗ್ರಿಯಲ್ಲಿ. ಅಂದು ಗೋದಿ, ಜವೆ, ಭತ್ತಗಳ ಕರಿಕಾಳುಗಳ ಲಕ್ಷಣಗಳು ಸಾಕಷ್ಟು ತಿಳಿದಿದ್ದುವು. ಯುರೋಪಿನ ವಿದ್ವಾಂಸರು ಬೇಕಾದಷ್ಟು ಬರೆದಿದ್ದರು. ಕೊರಲೆ, ಸಾಮೆ, ಹಾರಕ, ಊದಲುಗಳ ಕರಿಕಾಳು ಹೇಗಿರುತ್ತದೆಂಬುದನ್ನು ವಿವರಿಸಿದ ಗ್ರಂಥಗಳು ವಿರಳವಾಗಿದ್ದುವು. ಬಡವರ ಧಾನ್ಯಗಳಿಗೆ ಶಾಸ್ತ್ರದಲ್ಲಿಯೂ ಹಿಂದಿನ ಸಾಲೇ ದೊರೆತಿದ್ದಿತು. ಪರಿಚಿತವಾದ ಹೆಸರು ಅಪರಿಚಿತವಾದ ಕಾಳಿನ ಮೇಲೆ ಕುಳಿತುಕೊಳ್ಳುವುದಕ್ಕೆ ಇಂತಹ ಸಂದರ್ಭವೇ ಅನುಕೂಲ.

ಲಂಡನ್ನಿನ ಡೋರಿಯನ್ ಫುಲ್ಲರ್ ೨೦೦೩ರಲ್ಲಿ, ಆಫ್ರಿಕದಿಂದ ಬಂದ ಬೆಳೆಗಳ ಬಗೆಗೆ ದಕ್ಷಿಣ ಏಷ್ಯದಿಂದ ಬಂದಿದ್ದ ವರದಿಗಳನ್ನೆಲ್ಲ ಒಂದೊಂದಾಗಿ ಎತ್ತಿಕೊಂಡು ಪರಿಶೀಲಿಸಿದರು. ರಾಗಿಯ ಪ್ರಶ್ನೆ ಅಲ್ಲಿ ಮುಖ್ಯವಾದುದು. ರಾಗಿಯ ಕಾಡುಬಂಧುವು ಬೆಳೆಯುವುದು ಪೂರ್ವ ಆಫ್ರಿಕದಲ್ಲಿ. ಇಥಿಯೋಪಿಯದಿಂದ ಉಗಾಂಡದವರೆಗಿನ ಎತ್ತರದ ಸೀಮೆಯೇ ಅದರ ತವರು ಎಂಬುದನ್ನು ಸಸ್ಯವಿಜ್ಞಾನಿಗಳು ಒಪ್ಪಿರುವರು. ಅದು ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿಯೇ ಗುಜರಾತಿನ ರೋಜ್ಡಿಯಲ್ಲಿ, ಎರಡನೆಯದರಲ್ಲಿ ಹಳ್ಳೂರಿನಲ್ಲಿ ಇದ್ದಿತೆನ್ನುವುದಾದರೆ ಸಮುದ್ರದಾಚೆಯ ಸಂಪರ್ಕದ ಚರಿತ್ರೆಯನ್ನೇ ಅದಕ್ಕೆ ತಕ್ಕಂತೆ ಬರೆಯಬೇಕಾಗುವುದು. ಅಷ್ಟು ಭಾರವನ್ನು ಹೊರಬಲ್ಲ ಪುರಾವೆ ಉಂಟೆ ಎಂಬುದೇ ಫುಲ್ಲರರ ಪ್ರಶ್ನೆ.

ಅವರ ಉತ್ತರವು ಸರಳವಾಗಿದೆ. ರಾಗಿಯ ಕಾಳು ದುಂಡಾದುದು. ಅದರ ಮೇಲ್ಸಿಪ್ಪೆಯು ಸಣ್ಣ ಸಣ್ಣ ಕಣಗಳನ್ನು ಎರಚಿದಂತೆ ಒರಟಾಗಿರುವುದು. ಮೊಳಕೆಯ ಜಾಗವು ಚಿಕ್ಕದು. ಕೊರಲೆ, ನವಣೆಗಳ ಜಾತಿಯವುಗಳಲ್ಲಿ ಮೊಳಕೆಯ ಗುರುತು ಕಾಳಿನ ಅರ್ಧಕ್ಕಿಂತ ಉದ್ದವಾಗಿ ಹಬ್ಬಿರುವುದು. ಉಮಿ ಕಳೆದ ಕಾಳು ಬೆಂಕಿಯಲ್ಲಿ ಉಬ್ಬಿದರೆ ಚಪ್ಪಟೆಯಾದುದೂ ದುಂಡಗಾಗಿ ಕಾಣುತ್ತದೆ. ಮೊಳಕೆ ಉದುರಿದ ಕುಳಿಯನ್ನು ಗಮನಿಸದಿದ್ದರೆ ಅದು ರಾಗಿಯೆಂದೇ ತೋರಬಹುದು. ಹಿಂದಿನ ವರದಿಗಳಲ್ಲಿ ಹಲವು ಈ ಲಕ್ಷಣಗಳನ್ನು ಹೇಳುವುದೇ ಇಲ್ಲ. ಚಿತ್ರ ಕೊಟ್ಟಿರುವೆಡೆಗಳಲ್ಲಿ ಚಿತ್ರವೇ ಹೆಸರಿಗೆ ವಿರುದ್ಧವಾಗಿ ಸಾಕ್ಷಿ ಹೇಳುವುದುಂಟು. ಹೀಗೆ ಪರೀಕ್ಷಿಸಿದಾಗ ನವಶಿಲಾಯುಗದ ರಾಗಿಯ ವರದಿಗಳಲ್ಲಿ ಬಹುಪಾಲು ನಿಲ್ಲದೆ ಹೋದುವು. ಲಿಪಿಸಾದೃಶ್ಯದಿಂದ ಹುಟ್ಟಿದ ಅಪಪಾಠಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ಹಸ್ತಪ್ರತಿಗಳಲ್ಲಿಯೂ ಹುಡುಕಬೇಕಾದೀತು.

ಹೆಸರು ಸರಿಯಾಗಿದ್ದರೂ ಕಾಲವು ಸರಿಯಾಗಿರಬೇಕೆಂಬ ನಿಯಮವಿಲ್ಲ. ಇಲಿಯ ಬಿಲ, ಇರುವೆಯ ದಾರಿ, ಒಣಗಿದ ಎರೆಭೂಮಿಯ ಬಿರುಕು, ಇವುಗಳ ಮೂಲಕ ಮೇಲಿನ ಕಾಳು ಕೆಳಗಿನ ಪದರಕ್ಕೆ ಜಾರುವುದು ಸುಲಭ. ಈಜಿಪ್ಟಿನ ವಾದಿ ಕುಬ್ಬಾನಿಯದಲ್ಲಿ ಹದಿನೇಳು ಸಾವಿರ ವರ್ಷಗಳಿಗೂ ಹಿಂದಣ ಜವೆಯು ದೊರೆಯಿತೆಂದು ೧೯೭೯ರಲ್ಲಿ ಪ್ರಕಟವಾದಾಗ ಬೇಸಾಯದ ಚರಿತ್ರೆಯನ್ನೇ ತಿದ್ದಬೇಕೆಂಬ ಕೋಲಾಹಲವೆದ್ದಿತು. ಆ ಕಾಳುಗಳನ್ನೇ ವೇಗವರ್ಧಕ ಯಂತ್ರದಲ್ಲಿಟ್ಟು ಇಂಗಾಲ-೧೪ರ ಪರೀಕ್ಷೆ ಮಾಡಿದಾಗ ಅವು ಕೆಲವೇ ಸಹಸ್ರ ವರ್ಷಗಳ ಹಿಂದಿನವೆಂದು ಗೊತ್ತಾಯಿತು. ೧೯೮೪ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದವರು ಮೊದಲು ಹೇಳಿದ ಫ್ರೆಡ್ ವೆಂಡಾರ್ಫ್ ಮತ್ತು ಅವರ ಸಂಗಡಿಗರೇ. ಒಲೆಯ ಇದ್ದಿಲಿಗೆ ಬಂದ ವಯಸ್ಸನ್ನು ಅದರ ಪಕ್ಕದಲ್ಲಿದ್ದ ಕಾಳಿಗೂ ಹಚ್ಚುವುದು ಎಂತಹ ಸಾಹಸವೆಂಬುದು ಅಂದಿನಿಂದ ಎಲ್ಲರಿಗೂ ತಿಳಿದಂತಾಯಿತು. ಹಳ್ಳೂರಿನ ಹಳೆಯ ವಾಕ್ಯವು ಆ ತಿಳಿವಳಿಕೆಗೂ ಹಿಂದಿನದು. ಅದನ್ನು ಇಂದೂ ಹಾಗೆಯೇ ಮುದ್ರಿಸುವವರಿಗೆ ಆ ಕ್ಷಮೆ ಸಲ್ಲದು.

ರಾಗಿಯನ್ನು ಕಳೆದರೆ ಉಳಿಯುವುದು ಶೂನ್ಯವಲ್ಲ. ಫುಲ್ಲರ್, ಧಾರವಾಡದ ರವಿ ಕೋರಿಶೆಟ್ಟರ್, ಪಿ. ಸಿ. ವೆಂಕಟಸುಬ್ಬಯ್ಯ ಮತ್ತು ಮಾರ್ಟಿನ್ ಜೋನ್ಸ್ ಸೇರಿ ೨೦೦೪ರಲ್ಲಿ ಪ್ರಕಟಿಸಿದ ಪ್ರಬಂಧವು ಬಳ್ಳಾರಿ ಸೀಮೆಯಿಂದ ಕಡಪ-ಕರ್ನೂಲುಗಳವರೆಗಿನ ಹಲವು ನೆಲೆಗಳ ಮಣ್ಣನ್ನು ತೇಲಿಸಿ ನೋಡಿದ ಫಲ. ಸಂಗನಕಲ್ಲಿನಲ್ಲಿಯೂ ತೆಕ್ಕಲಕೋಟೆಯಲ್ಲಿಯೂ ಹಳ್ಳೂರಿನಲ್ಲಿಯೂ ಮತ್ತೆ ಮತ್ತೆ ಕಂಡುಬರುವ ನಾಲ್ಕು ಸಸ್ಯಗಳನ್ನು ಅವರು ಮುಂದಿಡುತ್ತಾರೆ. ಎರಡು ಕಿರುಧಾನ್ಯ, ಎರಡು ದ್ವಿದಳ. ಧಾನ್ಯಗಳಲ್ಲಿ ಒಂದು ಕೊರಲೆ; ಮತ್ತೊಂದು ನವಣೆಗೆ ದಾಯಾದಿಯಾದ, ತೆನೆಯ ಒರಟುಕೂದಲು ಬಟ್ಟೆಗೆ ಅಂಟಿಕೊಳ್ಳುವ ಹುಲ್ಲು, ಇಂದು ಹೊಲದವರು ಕಳೆಯೆಂದು ಕಿತ್ತೆಸೆಯುವಂತಹದು. ದ್ವಿದಳಗಳು ಹುರುಳಿ ಮತ್ತು ಹೆಸರು. ನಾಲ್ಕೂ ಮುಂಗಾರಿನ ಮಳೆಯನ್ನು ನಂಬಿ ಬೆಳೆಯುವಂಥವು, ನಾಲ್ಕೂ ಈ ಪರ್ಯಾಯದ್ವೀಪದಲ್ಲಿ ಕಾಡುಗಿಡಗಳಾಗಿಯೂ ಇರುವಂಥವು. ವಾಯವ್ಯದಿಂದ ಬಂದ ಗೋದಿ ಜವೆಗಳು ಕೆಲವೆಡೆ ಕಾಣುತ್ತವೆ, ಆದರೆ ಅತಿಥಿಗಳಂತೆ. ಹಿಂಗಾರಿನ ಆ ಬೆಳೆಗಳಿಗೆ ಈ ಒಣನೆಲದಲ್ಲಿ ನೀರಿನ ಉಪಚಾರ ಬೇಕು.

ಈ ಪಟ್ಟಿಯ ಅರ್ಥವು ದೊಡ್ಡದು. ದಕ್ಷಿಣದ ನವಶಿಲಾಯುಗದವರನ್ನು ರೇಮಂಡ್ ಆಲ್ಚಿನ್ನರು ೧೯೬೩ರ ತಮ್ಮ ಗ್ರಂಥದಲ್ಲಿ ದನಗಾಹಿಗಳೆಂದು ಚಿತ್ರಿಸಿದರು. ೧೯೫೭ರಲ್ಲಿ ಅವರು ಅಗೆದ ಉತ್ನೂರಿನ ಬೂದಿದಿಬ್ಬವು ದನದ ದೊಡ್ಡಿಯೆಂದೂ, ಆ ಬೂದಿಯು ಸುಟ್ಟ ಸಗಣಿಯೆಂದೂ ಸಿದ್ಧವಾದ ಮೇಲೆ ಆ ಚಿತ್ರಕ್ಕೆ ಬಲ ಬಂದಿತು. ಅದು ಸುಳ್ಳಲ್ಲ, ಅಪೂರ್ಣ. ದನಗಾಹಿಯ ಗಡಿಗೆಯಲ್ಲಿ ಕೊರಲೆಯ ಗಂಜಿಯೂ ಹುರುಳಿಯ ಕಟ್ಟೂ ಇದ್ದಿರಬೇಕೆಂಬುದನ್ನು ಈ ಕರಿಕಾಳುಗಳು ತೋರಿಸಿದುವು. ಬೇಸಾಯವೆಂಬುದು ಸಿಂಧೂ ಕಣಿವೆಯಿಂದ ಮಾತ್ರ ಇಳಿದುಬಂದ ವಿದ್ಯೆಯಲ್ಲ, ಈ ನೆಲದ ಹುಲ್ಲು ಬಳ್ಳಿಗಳನ್ನು ಈ ನೆಲದ ಜನರೇ ಒಲಿಸಿಕೊಂಡರೆಂಬ ವಾದಕ್ಕೆ ಇದೇ ಆಧಾರ.

ಎರಡನೆಯ ಸಹಸ್ರಮಾನದ ನಡುವಿನಿಂದ ಹೊರಗಿನವು ಬರತೊಡಗುತ್ತವೆ. ಅವರೆ ಆಫ್ರಿಕದಿಂದ, ಸಜ್ಜೆ ಆಫ್ರಿಕದಿಂದ, ತೊಗರಿ ಪೂರ್ವದ ಒಡಿಶಾ-ಬಸ್ತರ್ ಕಡೆಯಿಂದ. ಇಂದು ದಕ್ಷಿಣದ ಕನ್ನಡಿಗನ ಮುದ್ದೆಯೂ ಉತ್ತರದವನ ಜೋಳದ ರೊಟ್ಟಿಯೂ ಮೂಲದಲ್ಲಿ ಆಫ್ರಿಕದ ಹುಲ್ಲುಗಳಿಂದ ಬಂದುವೆಂಬುದೂ, ನಾಡಿಗೆ ಮೊದಲಿನಿಂದ ಇದ್ದ ಕೊರಲೆಯು ತುಮಕೂರು, ಚಿತ್ರದುರ್ಗಗಳ ಕೆಲವು ಒಣ ಹೋಬಳಿಗಳಿಗೆ ಸರಿದು ಕುಳಿತಿರುವುದೂ ಗಮನಾರ್ಹ. ದೂರದ ನಗರಗಳಲ್ಲಿ ನೆಲಸಿ ಊರಿನ ರಾಗಿಹಿಟ್ಟಿಗೆ ಹಂಬಲಿಸುವ ಕುಟುಂಬಗಳಿಗೆ, ಆ ಹಿಟ್ಟೂ ಒಂದು ಕಾಲಕ್ಕೆ ಕಡಲು ದಾಟಿ ಬಂದು ನೆಲೆ ಹುಡುಕಿಕೊಂಡುದೆಂಬ ಸಂಗತಿಯು ಅಪ್ರಿಯವಾಗಲಾರದು.

ಹೊಸ ಪಾಠವು ಹಳೆಯದಕ್ಕಿಂತ ಉತ್ತಮವೆಂಬುದು ನಿರ್ವಿವಾದ. ಅದು ನಿರ್ದೋಷವೆಂದು ಇದರ ಅರ್ಥವಲ್ಲ. ೨೦೦೪ರ ಪ್ರಬಂಧವು ತನ್ನ ಶಿರೋನಾಮೆಯಲ್ಲಿಯೇ ತನ್ನನ್ನು ಪ್ರಾಥಮಿಕವೆಂದು ಕರೆದುಕೊಂಡಿರುವುದು. ಆ ವಿಶೇಷಣವು ಪ್ರಬಂಧಕಾರರ ವಿನಯವಷ್ಟೇ ಎಂದು ವಾಚಕರು ಭಾವಿಸಿದಂತಿದೆ. ಅದನ್ನು ಉದ್ಧರಿಸುವವರು ಮೊದಲು ಕೈಬಿಡುವ ಪದ ಅದೇ. ಅದು ವಿನಯವಲ್ಲ, ಎಲ್ಲೆಗಟ್ಟು. ಬೂದಿದಿಬ್ಬಗಳ ಆದಿಕಾಲವು ಕ್ರಿ.ಪೂ. ೩೦೦೦ದ ಸುಮಾರಿಗೆ ಹೋಗುತ್ತದೆ. ಕಾಳುಗಳಲ್ಲಿ ಬಹುಪಾಲು ಅದಕ್ಕೆ ಶತಮಾನಗಳ ಮೇಲಿನ, ೨೦೦೦ದ ಆಚೀಚಿನ ಮತ್ತು ಅನಂತರದ ಪದರಗಳವು. ಹೆಚ್ಚು ಕಡಿಮೆ ಸಾವಿರ ವರ್ಷಗಳ ಈ ಅಂತರದಲ್ಲಿ ಹುಲ್ಲು ಹೇಗೆ ಬೆಳೆಯಾಯಿತು, ಯಾವಾಗ ಕೊಯ್ದುದನ್ನು ಮತ್ತೆ ಬಿತ್ತತೊಡಗಿದರು ಎಂಬುದಕ್ಕೆ ನೇರವಾದ ಸಾಕ್ಷ್ಯವು ತೀರ ತೆಳುವಾದುದು. ಕಾಡುಬಂಧುಗಳು ಇಂದು ಎಲ್ಲಿ ಬೆಳೆಯುತ್ತವೆಂಬ ಭೂಗೋಳವು ಆ ತೆರಪನ್ನು ತುಂಬಿದೆ. ಯುಕ್ತಿಯು ಸಮಂಜಸವೇ, ಆದರೆ ಅದು ಯುಕ್ತಿ, ಕರಿಕಾಳಲ್ಲ.

ಇನ್ನೊಂದು ತೊಡಕು ಕೊರಲೆಯ ಸ್ವಭಾವದಲ್ಲಿಯೇ ಇದೆ. ಗೋದಿ ಜವೆಗಳಲ್ಲಿ ಸಾಕಿದ ಗಿಡದ ತೆನೆಯು ತಾನಾಗಿ ಉದುರದು. ಕಡ್ಡಿಯ ಮುರಿದ ಗಾಯವನ್ನು ನೋಡಿಯೇ ಕಾಡಿನದು ಯಾವುದು, ಹೊಲದ್ದು ಯಾವುದೆಂದು ಹೇಳಬಹುದು. ಕೊರಲೆಯ ಬಿಡಿ ಕಾಳಿನಲ್ಲಿ ಅಂತಹ ಗುರುತು ಸುಲಭವಾಗಿ ಸಿಕ್ಕದು. ಅದು ಇಂದಿಗೂ ಕೆಲವೆಡೆ ಬೆಳೆಯಾಗಿ, ಕೆಲವೆಡೆ ಕಳೆಯಾಗಿ, ಕೆಲವೆಡೆ ಬರೀ ಹುಲ್ಲಾಗಿ ಇದೆ. ನವಶಿಲಾಯುಗದವರು ಅದನ್ನು ಬಿತ್ತುತ್ತಿದ್ದರೋ ಬೆಳೆದಲ್ಲಿ ಕೊಯ್ಯುತ್ತಿದ್ದರೋ ಎಂಬುದು ಎಷ್ಟು ಕಡೆ, ಎಷ್ಟು ಹೇರಳವಾಗಿ ದೊರೆತಿದೆಯೆಂಬ ಲೆಕ್ಕದಿಂದ ಊಹಿಸಬೇಕಾದ ವಿಷಯ. ಲೆಕ್ಕದಲ್ಲಿಯೂ ಎರಡು ಬಗೆಯುಂಟು. ಒಂದು ಕುಳಿಯಲ್ಲಿ ಸಾವಿರ ಕಾಳು ಸಿಕ್ಕಿದುದು ಒಂದು ದಿನದ ಅವಘಡದ ಗುರುತು. ಐವತ್ತು ಮಾದರಿಗಳಲ್ಲಿ ಒಂದೊಂದೇ ಕಾಳು ಸಿಕ್ಕಿದುದು ದಿನದಿನದ ವಾಡಿಕೆಯ ಗುರುತು. ಎರಡನೆಯದೇ ಹೆಚ್ಚು ನಂಬತಕ್ಕದ್ದು.

ಬೂದಿದಿಬ್ಬಗಳ ನಾಡಿನಲ್ಲಿ ಮತ್ತೊಂದು ಸಂದೇಹವನ್ನು ತಳ್ಳಿಹಾಕುವಂತಿಲ್ಲ. ನವೋಮಿ ಮಿಲ್ಲರ್ ಮತ್ತು ಟ್ರಿಸ್ಟೀನ್ ಸ್ಮಾರ್ಟ್ ೧೯೮೪ರಲ್ಲಿ ತೋರಿಸಿದಂತೆ, ಸಗಣಿಯನ್ನು ಉರುವಲಾಗಿ ಬಳಸುವ ಎಡೆಯಲ್ಲಿ ದನ ಮೇಯ್ದ ಹುಲ್ಲಿನ ಬೀಜಗಳು ಬೆರಣಿಯ ಮೂಲಕ ಒಲೆಗೆ ಬಂದು ಕರಿಕಾಗುತ್ತವೆ. ಬೆರಣಿಯ ಒಲೆಯನ್ನು ಕಂಡ ಯಾವ ಭಾರತೀಯನಿಗೂ ಇದನ್ನು ವಿವರಿಸಬೇಕಾದುದಿಲ್ಲ. ಸಗಣಿಯನ್ನು ರಾಶಿರಾಶಿಯಾಗಿ ಸುಟ್ಟ ಜನರ ನೆಲೆಯಲ್ಲಿ ದೊರೆತ ಹುಲ್ಲಿನ ಕಾಳು ಮನುಷ್ಯನ ಊಟದ್ದೋ ಎತ್ತಿನ ಮೇವಿನದೋ? ಹೆಸರು ಹುರುಳಿಗಳ ವಿಷಯದಲ್ಲಿ ಈ ಸಂದೇಹ ಕಡಿಮೆ. ಅಂಟುಕೂದಲಿನ ಹುಲ್ಲಿನ ವಿಷಯದಲ್ಲಿ ಅದು ಬಲವಾದುದು. ಟರ್ಕಿಯಲ್ಲಿ ಗಾರ್ಡನ್ ಹಿಲ್ಮನ್, ಗ್ರೀಸಿನ ಅಮೋರ್ಗೋಸ್ ದ್ವೀಪದಲ್ಲಿ ಗ್ಲಿನಿಸ್ ಜೋನ್ಸ್, ಆಂಧ್ರದ ಹಳ್ಳಿಗಳಲ್ಲಿ ಸೀತಾ ನರಹರಿ ರೆಡ್ಡಿ, ಇವರು ರೈತರ ಕಣಗಳಲ್ಲಿ ನಿಂತು, ಬಡಿಯುವಾಗ ಏನು ಬೀಳುತ್ತದೆ, ತೂರುವಾಗ ಏನು ಹಾರುತ್ತದೆ, ಜಾಲಿಸುವಾಗ ಏನು ಉಳಿಯುತ್ತದೆಂದು ಬರೆದಿಟ್ಟರು. ಕಳೆಯ ಬೀಜ, ತೆನೆಯ ಕಡ್ಡಿ, ಉಮಿ, ಇವು ಯಾವ ಪ್ರಮಾಣದಲ್ಲಿ ಜೊತೆಗೂಡಿವೆಯೆಂಬುದರಿಂದ ಕಾಳು ಕಣದಿಂದ ಬಂದಿತೋ ಒಲೆಯಿಂದಲೋ ಸಗಣಿಯಿಂದಲೋ ಎಂದು ನಿರ್ಣಯಿಸಬಹುದು. ಕೊರಲೆಯ ಕಣಕ್ಕೆ ಅಂತಹ ಪರಿಶ್ರಮವು ಕನ್ನಡನಾಡಿನಲ್ಲಿ ವಿಸ್ತಾರವಾಗಿ ನಡೆಯಬೇಕಾಗಿದೆ; ಆ ಕೆಲಸವನ್ನು ಬಲ್ಲ ವೃದ್ಧೆಯರು ಇರುವಷ್ಟು ದಿನ ಮಾತ್ರ ಅದು ಸಾಧ್ಯ.

ಭಾಷೆಯ ಸಾಕ್ಷ್ಯವನ್ನೂ ಇಲ್ಲಿ ಕರೆಯುವುದುಂಟು. ಫ್ರಾಂಕ್ಲಿನ್ ಸೌತ್‌ವರ್ತ್ ೨೦೦೫ರ ತಮ್ಮ ಗ್ರಂಥದಲ್ಲಿ ಸಸ್ಯನಾಮಗಳಿಂದ ಪ್ರಾಚೀನ ಬೇಸಾಯವನ್ನು ಅನುಮಾನಿಸಿರುವರು. ಹಳಗನ್ನಡದ ಪೆಸಱು ಇಂದಿನ ಹೆಸರಾದುದೂ ಅದಕ್ಕೆ ತಮಿಳಿನ ಪಯಱು ಜ್ಞಾತಿಯಾದುದೂ ದ್ರಾವಿಡ ಭಾಷಾಶಾಸ್ತ್ರವನ್ನು ಬಲ್ಲವರಿಗೆ ಹಿತವಾದ ವಿಷಯ. ಎರಡು ಭಾಷೆಗಳು ಅಗಲುವ ಮುಂಚೆಯೇ ಆ ಕಾಳಿನ ಪರಿಚಯವಿದ್ದಿತೆಂದು ಹೇಳಬಹುದು. ಆದರೆ ಪದಕ್ಕೆ ಇಂಗಾಲ-೧೪ರ ವಯಸ್ಸಿಲ್ಲ. ಮೇಲಾಗಿ ಹೆಸರುಗಳು ಒಂದು ಗಿಡದಿಂದ ಇನ್ನೊಂದಕ್ಕೆ ಹಾರುವುವು. ಕಾಳಿನ ಕಾಲವನ್ನು ಪದದಿಂದಲೂ ಪದದ ಕಾಲವನ್ನು ಕಾಳಿನಿಂದಲೂ ನಿರ್ಣಯಿಸತೊಡಗಿದರೆ ಅನ್ಯೋನ್ಯಾಶ್ರಯ ದೋಷವು ತಪ್ಪದು. ಸಂಗನಕಲ್ಲಿನ ಜನರು ದ್ರಾವಿಡ ಭಾಷೆಯನ್ನು ಆಡುತ್ತಿದ್ದರೆಂಬುದು ಸಂಭಾವ್ಯವೇ ಆದರೂ ಒಂದು ಕಾಳೂ ಅದನ್ನು ಹೇಳದು.

ಸಂಗನಕಲ್ಲಿನ ಇದ್ದಿಲನ್ನು ಎಲೆನಿ ಅಸೂತಿ ಮತ್ತು ಫುಲ್ಲರ್ ಪರೀಕ್ಷಿಸಿ ೨೦೦೮ರಲ್ಲಿ ಬರೆದ ಗ್ರಂಥದಲ್ಲಿ ಶ್ರೀಗಂಧದ ಮರದ ಇದ್ದಿಲು ಅಲ್ಲಿ ಇದ್ದುದನ್ನು ತಿಳಿಸಿ, ಆ ಮರವು ಮೂಲತಃ ಇಂಡೋನೇಷ್ಯದ ದ್ವೀಪಗಳಿಂದ ಬಂದಿರಬಹುದೆಂದು ಸೂಚಿಸಿರುವರು. ಗಂಧದ ನಾಡೆಂಬ ಬಿರುದನ್ನು ಹೊತ್ತವರಿಗೆ ಇದು ರಾಗಿಗಿಂತಲೂ ಕಸಿವಿಸಿಯನ್ನುಂಟುಮಾಡುವ ಮಾತು. ಅದನ್ನು ಕೋಪದಿಂದ ತಳ್ಳುವುದೂ ಬೇಡ, ಹೊಸತೆಂದು ಕುಣಿದು ಕೊಳ್ಳುವುದೂ ಬೇಡ. ಇದ್ದಿಲಿನ ಗುರುತು ಒಂದು ಸಂಗತಿ; ದ್ವೀಪದಿಂದ ಬಂದಿತೆಂಬುದು ಅದರ ಮೇಲೆ ಕಟ್ಟಿದ ಇನ್ನೊಂದು ಅಂತಸ್ತು. ಎರಡನ್ನೂ ಒಂದೇ ಉಸಿರಿನಲ್ಲಿ ಉದ್ಧರಿಸಿದರೆ ಹಳ್ಳೂರಿನ ಕಥೆಯೇ ಮರುಕಳಿಸೀತು.

ಮರುಕಳಿಸುವ ಲಕ್ಷಣಗಳು ಇಲ್ಲದಿಲ್ಲ. ಸಿರಿಧಾನ್ಯವೆಂಬ ಹೊಸ ಹೆಸರಿನೊಡನೆ ಕೊರಲೆಗೆ ಒಳ್ಳೆಯ ಕಾಲ ಬಂದಿರುವುದು ಸಂತೋಷದ ವಿಷಯ. ಅದನ್ನು ಬೆಳೆಯುವ ಒಣಭೂಮಿಯ ರೈತನಿಗೆ ನಾಲ್ಕು ಕಾಸು ಹೆಚ್ಚು ಬರುವುದಾದರೆ ಇನ್ನೂ ಸಂತೋಷ. ಆದರೆ ಆ ಕಾಸಿಗಾಗಿ ಅದರ ವಯಸ್ಸನ್ನು ಏರಿಸಬೇಕಾದುದಿಲ್ಲ. ಸಂದೇಹವಿರುವ ಪಾಠವನ್ನು ಸಂದೇಹದ ಚಿಹ್ನೆಯೊಡನೆ ಮುದ್ರಿಸುವುದು ಸಂಪಾದಕರ ಸಂಪ್ರದಾಯ. ಚರಿತ್ರೆಯ ಪಠ್ಯಗಳೂ ಹಳ್ಳೂರಿನ ರಾಗಿಗೆ ಅಂತಹ ಒಂದು ಚಿಹ್ನೆಯನ್ನು ಇಟ್ಟರೆ ಸಾಕು. ರಾಗಿಯು ಅಂದು ಇರಲೇ ಇಲ್ಲವ��ಂದು ಬರೆಯುವುದೂ ತಪ್ಪಾದೀತು. ಅಲಿ ಕೋಷಿನ ೧೯೬೧ರ ವರದಿಯನ್ನು ನೆನೆದರೆ, ಕಾಣದುದನ್ನು ಇಲ್ಲವೆನ್ನುವುದಕ್ಕೆ ನಾಲಗೆ ತಡೆಯಬೇಕು. ರಾಗಿಗೆ ಆ ಕಾಲದಲ್ಲಿ ನಂಬತಕ್ಕ ಸಾಕ್ಷ್ಯವಿಲ್ಲ ಎಂಬಷ್ಟನ್ನು ಮಾತ್ರ ಇಂದು ಹೇಳಬಹುದು. ತುಂಗಭದ್ರೆಯ ದಂಡೆಯಿಂದ ಮುಂದೆ ಬರುವ ಪ್ರತಿಯೊಂದು ದುಂಡುಕಾಳಿಗೂ ಮೊಳಕೆಯ ಅಳತೆ, ಸಿಪ್ಪೆಯ ಚಿತ್ರ, ಆ ಕಾಳಿನದೇ ವಯಸ್ಸು, ಈ ಮೂರೂ ಜೊತೆಗೂಡಿ ಬರುವವರೆಗೆ ಆ ಚಿಹ್ನೆಯು ಅಲ್ಲಿರಲಿ. ಬೂದಿದಿಬ್ಬಗಳ ತಳದ ಮೊದಲ ಪದರಗಳ ಮಣ್ಣನ್ನು ಬುಟ್ಟಿಗಟ್ಟಲೆ ತೇಲಿಸಿ ನೋಡುವ ಕೆಲಸವಂತೂ ಬಹುಮಟ್ಟಿಗೆ ಇನ್ನು ಮುಂದಿನದು.